ಎದುರಿನ ಮುಖ

ಮೂರು ವರ್ಷ ನಾನು ಒಬ್ಬ ಗಂಡಸಿನ ಮುಖವನ್ನು ದಿನಕ್ಕೆ ಏಳು ಗಂಟೆ ನೋಡಿದ್ದೇನೆ. ಅದಕ್ಕೆ ಸಂಬಳವನ್ನೂ ತೆಗೆದುಕೊಂಡಿದ್ದೇನೆ. ಹೀಗೆ ಹೇಳಿದ ಕೂಡಲೇ ಜನ ಕಿವಿ ನೆಟ್ಟಗೆ ಮಾಡುತ್ತಾರೆ ಅಂತ ಗೊತ್ತು. ಮಾಡಲಿ, ನನಗೇನೂ ಬೇಸರವಿಲ್ಲ.

ನಮ್ಮದು ಪಿಂಗಾಣಿ ಕಪ್ ಮಾಡುವ ಕಾರ್ಖಾನೆ. ಮಣ್ಣು ಕಲಸುವವರು, ಅಚ್ಚಿಗೆ ಹಾಕುವವರು, ಹಿಡಿ ಅಂಟಿಸುವವರು, ಸುಡುವವರು, ಎಲ್ಲರ ಕೈ ದಾಟಿದ ಮೇಲೆ ಕಪ್ಪು ನಮ್ಮ ಕೋಣೆಗೆ ಬರುತ್ತದೆ. ನಾವು ಮಾಡುವುದು ಒಂದೇ ಕೆಲಸ, ತಟ್ಟಿ ಕೇಳುವುದು. ಕಪ್ಪಿನ ಹಿಡಿಯನ್ನು ಬೆರಳಿಗೆ ನೇತು ಹಾಕಿಕೊಂಡು ತೆಳ್ಳನೆ ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಬೇಕು. ಒಳ್ಳೆಯದಾದರೆ ‘ಟಿಣ್’ ಅಂತ ಎದ್ದು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೆ ‘ಟಕ್’ ಅಂದು ಅಲ್ಲೇ ಸಾಯುತ್ತದೆ. ಆ ಬಿರುಕು ಕಣ್ಣಿಗೆ ಕಾಣುವಂಥದ್ದಲ್ಲ, ಕಿವಿಗೆ ಮಾತ್ರ ಸಿಗುವಂಥದ್ದು.

ಕೋಣೆಯಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ನೆಲಕ್ಕೆ ರಬ್ಬರ್, ಗೋಡೆಗೆ ದಪ್ಪ ಬಟ್ಟೆ. ಬಳೆ ಹಾಕುವ ಹಾಗಿಲ್ಲ, ಗಡಿಯಾರ ಕಟ್ಟುವ ಹಾಗಿಲ್ಲ, ಮಾತು ಅಂತೂ ಇಲ್ಲವೇ ಇಲ್ಲ. ಒಂದು ಕಪ್ಪನ್ನು ಇಬ್ಬರೂ ತಟ್ಟಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಕೈ ತೋರಿಸಬೇಕು. ಅಂಗೈ ಬಿಚ್ಚಿದರೆ ಒಳ್ಳೆಯದು, ಮುಷ್ಟಿ ಹಿಡಿದರೆ ಒಡಕು. ಒಬ್ಬರ ಅಂಗೈ, ಇನ್ನೊಬ್ಬರ ಮುಷ್ಟಿ ಆಯಿತೋ, ಇಬ್ಬರೂ ಒಂದೇ ಮಾತಿಗೆ ಬರುವ ತನಕ ಮತ್ತೆ ಮತ್ತೆ ತಟ್ಟುತ್ತಿರಬೇಕು. ಈ ನಿಯಮ ಮಾಡಿದ ಮಹಾನುಭಾವ ಯಾರೋ ಗೊತ್ತಿಲ್ಲ. ಎರಡು ತಲೆ ಒಂದಕ್ಕಿಂತ ಮೇಲು ಅಂದುಕೊಂಡಿರಬೇಕು. ಎರಡು ತಲೆಗಳು ಒಂದನ್ನೊಂದು ನೋಡಿಕೊಂಡು ಎರಡೂ ಕೆಲಸ ನಿಲ್ಲಿಸಬಹುದು ಅಂತ ಆತನಿಗೆ ಹೊಳೆದಿರಲಿಕ್ಕಿಲ್ಲ.

ಕಾರ್ಖಾನೆಯಲ್ಲಿ ನನ್ನ ಹೆಸರು ಕಿವಿಯಕ್ಕ. ಹದಿನಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎದುರಿಗಿದ್ದ ಹಿರಿಯರು ಅಂಗೈ ಬಿಚ್ಚಿದ ಕಪ್ಪೊಂದಕ್ಕೆ ನಾನು ಮುಷ್ಟಿ ಹಿಡಿದೆ. ಅವರು ಮೂರು ಸಲ ತಟ್ಟಿದರು, ಮೂರು ಸಲ ಅಂಗೈ ಬಿಚ್ಚಿದರು. ನಾನು ಮುಷ್ಟಿ ಬಿಡಲಿಲ್ಲ. ಸಿಟ್ಟು ಬಂದು ಅವರು ಕಪ್ಪನ್ನು ಮೇಜಿನ ಅಂಚಿಗೆ ಕುಕ್ಕಿ ಒಡೆದರು, ಚೂರಿನ ಒಳಮೈಯಲ್ಲಿ ಬಿರುಕು ಕಂಡಿತು. ಅವತ್ತಿನಿಂದ ಆ ಹೆಸರು ನನಗೆ ಅಂಟಿಕೊಂಡಿತು. ನಮ್ಮ ಸೂಪರ್‌ವೈಸರ್ ಅದಕ್ಕೆ ತಮ್ಮದೊಂದು ಶಾಸ್ತ್ರವನ್ನೂ ಸೇರಿಸಿದರು. “ಹೆಂಗಸರ ಕಿವಿ ಹರಿತ ಇರತ್ತೆ ಅಕ್ಕಾ, ಪಕ್ಕದ್ಮನೆ ಜಗಳ ಕೇಳೀ ಕೇಳೀ!” ನಾನು ಇರುವುದು ಮೂಲೆಮನೆಯಲ್ಲಿ, ಒಂದು ಪಕ್ಕಕ್ಕೆ ರಸ್ತೆ, ಇನ್ನೊಂದು ಪಕ್ಕದ ಮನೆ ಖಾಲಿ. ಆದರೆ ಹೊಗಳಿಕೆ ಬಂದಾಗ ಲೆಕ್ಕ ಕೇಳುವವರು ಯಾರು?

ಕನ್ನಡಕದವರು ನಮ್ಮ ಕೋಣೆಗೆ ಬಂದದ್ದು ಮೂರು ವರ್ಷದ ಹಿಂದೆ. ಹಿರಿಯರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಇವರು. ಮೊದಲು ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ರಿಪೇರಿಗೆ ರೇಡಿಯೋಗಳೇ ಬರುವುದು ನಿಂತಾಗ ಅಂಗಡಿ ಮುಚ್ಚಿದರಂತೆ. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜು. ಅದನ್ನು ನೋಡಿದವರಿಗೆಲ್ಲ ಮನುಷ್ಯನೇ ಪೂರ್ತಿ ಮಂಜು ಮಂಜು ಅನ್ನಿಸುತ್ತಿತ್ತು. ಹಿಡಿ ಅಂಟಿಸುವ ಹೆಂಗಸರು ಅವರ ಹತ್ತಿರ ಬಗ್ಗಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಮೊದಲ ವಾರ ನಾನೂ ಹಾಗೇ ಕಿರುಚಿದ್ದೆ. ಅವರು ನಿಧಾನಕ್ಕೆ, “ನೋಡಿ, ನನಗೆ ಕೇಳ್ಸತ್ತೆ. ಕಾಣೋದಷ್ಟೇ ಕಷ್ಟ” ಅಂದರು. ಇಡೀ ಕಾರ್ಖಾನೆಗೆ ನಾನು ಅಕ್ಕ, ಅವರೊಬ್ಬರಿಗೆ ಮಾತ್ರ ‘ನೋಡಿ’. ಇದನ್ನು ಮೊದಲು ಪತ್ತೆ ಹಚ್ಚಿದ್ದು ಮನೆಯಲ್ಲಿರುವ ನನ್ನ ಸ್ವಂತ ಅಕ್ಕ. “ಅಕ್ಕ ಅಂತ ಕರೀದೇ ಇರೋ ಗಂಡಸು ಏನೋ ಯೋಚ್ನೆ ಇಟ್ಕೊಂಡೇ ಇರ್ತಾನೆ ಕಣೇ” ಅಂದಳು.

ಅದೇ ಸುಮಾರಿಗೆ ನನ್ನ ಕಿವಿ ಕೈಕೊಟ್ಟಿತು. ಒಂದು ಬೆಳಿಗ್ಗೆ ಅಕ್ಕ ಅಡುಗೆಮನೆಗೆ ಬಂದವಳೇ, “ಫ್ರಿಜ್ ಬಾಗ್ಲು ತೆಗ್ದಿದೆ ಅಂತ ಅದು ಆಗ್ಲಿಂದ ಕೂಗ್ತಿದೆ, ಕೇಳ್ಸಲ್ವೇನೇ?” ಅಂತ ಬೈದಳು. ನಾನು ಫ್ರಿಜ್ಜಿನ ಎದುರಿಗೇ ನಿಂತಿದ್ದೆ. ನನಗೆ ಅದು ಬಾಯಿ ಮುಚ್ಚಿಕೊಂಡೇ ಇತ್ತು. ಮಾರನೆಯ ದಿನ ಕಪ್ಪು ತಟ್ಟಿದಾಗ ‘ಟಿಣ್’ನ ಬಾಲ ಸಿಗಲಿಲ್ಲ. ನಾಲ್ಕೈದು ತಿಂಗಳಲ್ಲಿ ಒಳ್ಳೆಯದೂ ‘ಟಕ್’, ಒಡಕೂ ‘ಟಕ್’. ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು, ತೆಳ್ಳಗಿನ ಸ್ವರ ಮಾತ್ರ ಈ ಲೋಕದಿಂದಲೇ ಎದ್ದುಹೋಗಿತ್ತು. ಯಾರಿಗೂ ಹೇಳಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಕಿವಿಯಕ್ಕನಿಗೆ ಕಿವಿಯೇ ಇಲ್ಲ ಅಂದರೆ ಏನು ಉಳಿಯುತ್ತದೆ?

ಎದುರಿನ ಮುಖ ಉಪಯೋಗಕ್ಕೆ ಬಂದದ್ದು ಆಗ. ಕಪ್ಪು ತಟ್ಟಿದಾಗ ಕನ್ನಡಕದವರ ಎಡ ಹುಬ್ಬು ಒಡಕಿಗೆ ಎಳ್ಳಷ್ಟು ಮೇಲೇಳುತ್ತಿತ್ತು. ಎದ್ದರೆ ನಾನು ಮುಷ್ಟಿ ಹಿಡಿಯುತ್ತಿದ್ದೆ, ಏಳದಿದ್ದರೆ ಅಂಗೈ ಬಿಚ್ಚುತ್ತಿದ್ದೆ. ಅವರೂ ದಪ್ಪ ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಪಾಪ, ಹೊಸಬರು, ಕಲಿಯುತ್ತಿದ್ದಾರೆ ಅಂದುಕೊಂಡಿದ್ದೆ. ಮೂರು ವರ್ಷ ಯಾರಾದರೂ ಕಲಿಯುತ್ತಾರೆಯೇ ಅಂತ ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ನಮ್ಮ ಕೋಣೆಗೆ ಹಜಾರದ ಕಡೆ ಒಂದು ಗಾಜಿನ ಕಿಟಕಿ ಇದೆ. ಹೋಗಿಬರುವವರಿಗೆ ಕಾಣುವುದೇನು? ಒಬ್ಬ ಗಂಡಸು, ಒಬ್ಬ ಹೆಂಗಸು, ಬೆಳಿಗ್ಗೆಯಿಂದ ಸಂಜೆಯ ತನಕ ಒಂದು ಮಾತಿಲ್ಲದೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕೂತಿರುವುದು. ಹಿಡಿ ಅಂಟಿಸುವ ವಿಭಾಗದಲ್ಲಿ ನಮಗೆ ‘ಕಪ್ಪು-ಬಸಿ’ ಅಂತ ಹೆಸರು ಬಿತ್ತು, ಕಪ್ಪು ಮತ್ತು ಅದನ್ನು ಬಿಟ್ಟಿರದ ಸಾಸರಿನ ಹಾಗೆ. ಸಾಲದ್ದಕ್ಕೆ ಅವರು ರಜೆ ಹಾಕಿದ ದಿನ ನಾನೂ ರಜೆ ಹಾಕುತ್ತಿದ್ದೆ. ಬದಲಿಗೆ ಬಂದವರ ಹುಬ್ಬು ನನಗೆ ಓದಲು ಬರುತ್ತಿರಲಿಲ್ಲವಲ್ಲ! ಬೆಂಕಿಯಿಲ್ಲದೆ ಹೊಗೆಯಾಡತ್ತಾ ಅಂತ ಎಲ್ಲರೂ ತಲೆಯಾಡಿಸಿದರು. ನಾನು ಅಲ್ಲಗಳೆಯಲಿಲ್ಲ. ಕಿವಿ ಹೋದ ಸುದ್ದಿಗಿಂತ ಮನಸ್ಸು ಹೋದ ಸುದ್ದಿ ವಾಸಿ ಅನ್ನಿಸಿತು.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಊರೆಲ್ಲ ಹೇಳುತ್ತಾ ಹೇಳುತ್ತಾ ನನಗೂ ಅನುಮಾನ ಬಂತು. ಅವರ ಮುಖ ಮೊದಲು ನನಗೆ ಯಾವ ವಿಶೇಷವೂ ಇಲ್ಲದ ಮುಖವಾಗಿತ್ತು. ಎರಡನೇ ವರ್ಷಕ್ಕೆ ಗಲ್ಲದ ಮೇಲಿನ ಸಣ್ಣ ಗಾಯದ ಗುರುತು ಚೆನ್ನಾಗಿದೆ ಅನ್ನಿಸಿತು. ಭಾನುವಾರ ಬಟ್ಟೆ ಒಣಹಾಕುವಾಗ ಆ ಹುಬ್ಬು ನೆನಪಾಗುತ್ತಿತ್ತು. ದಿನಾ ನೋಡಿದರೆ ಮನೆಯ ಹಳೇ ಬಾಗಿಲೂ ಪ್ರೀತಿಯಾಗುತ್ತದೆ, ಇದೂ ಅಷ್ಟೇ ಇರಬೇಕು ಅಂತ ಸಮಾಧಾನ ಹೇಳಿಕೊಂಡೆ. ಅಷ್ಟೇನಾ, ಇನ್ನೂ ಏನಾದರೂ ಇದೆಯಾ ಅಂತ ತಿಳಿಯುವ ದಾರಿ ಇರಲಿಲ್ಲ. ಹೊಟ್ಟೆಪಾಡಿಗೆ ನೋಡಲೇಬೇಕಾದ ಮುಖವನ್ನು ಇಷ್ಟಪಟ್ಟು ನೋಡುತ್ತಿದ್ದೇನೆಯೇ ಅಂತ ಹೇಗೆ ಪರೀಕ್ಷೆ ಮಾಡುವುದು?

ಹೀಗಿರುವಾಗ ಒಂದು ಹೋಟೆಲಿನಿಂದ ಮೂರು ಪೆಟ್ಟಿಗೆ ಕಪ್ಪು ವಾಪಸ್ ಬಂತು. ಬಿಸಿ ಕಾಫಿ ಸುರಿದ ಕೂಡಲೇ ಸೀಳುತ್ತಿದ್ದವಂತೆ. ಬಡಿಸುವವರೊಬ್ಬರ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಪೆಟ್ಟಿಗೆಗಳ ಮೇಲೆ ನಮ್ಮ ಮೇಜಿನ ಮುದ್ರೆ.

ಸೂಪರ್‌ವೈಸರ್ ಹೆಚ್ಚು ಯೋಚನೆ ಮಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ನಿಮ್ಮ ಮೇಲೆ ಒಂದು ಮಾತೂ ಬರಲ್ಲ. ಅವರದ್ದೇ ಇದು. ಕಣ್ಣೇ ಹಾಗಿರುವಾಗ ಕಿವಿ ಎಷ್ಟು ನೆಟ್ಟಗಿರತ್ತೆ ಹೇಳಿ? ಈ ತಿಂಗಳ ಕೊನೆಗೆ ಕಳಿಸಿಬಿಡ್ತೀವಿ” ಅಂದರು.

ಕನ್ನಡಕದವರು ಹೋದರೆ ನನ್ನ ಕಥೆ ಮುಗಿಯಿತು ಅನ್ನುವುದು ಮೊದಲು ಹೊಳೆದದ್ದು, ಸುಳ್ಳು ಹೇಳುವುದಿಲ್ಲ. ಆಮೇಲೆ ತಲೆಗೆ ಹುಳ ಹೊಕ್ಕಿತು. ನಾನು ಅವರ ಹುಬ್ಬನ್ನು ನಂಬಿ ನಡೆದವಳು. ಹುಬ್ಬು ಏಳದೆ ಅಷ್ಟೊಂದು ಒಡಕು ಕಪ್ಪು ಹೇಗೆ ದಾಟಿತು? ಹಾಗಾದರೆ ಅವರಿಗೂ ಕೇಳಿಸುವುದಿಲ್ಲವೇ? ಇಬ್ಬರು ಕಿವುಡರು ಮೂರು ವರ್ಷ ಎದುರುಬದುರು ಕೂತು ಸಂಗೀತ ಕೇಳುವವರ ಹಾಗೆ ನಟಿಸಿದೆವೇ? ಇದನ್ನು ತಿಳಿಯದೆ ನನಗೆ ಅನ್ನ ಸೇರುವಂತಿರಲಿಲ್ಲ.

ಮಾರನೆಯ ದಿನ ಪರೀಕ್ಷೆ ಶುರುಮಾಡಿದೆ. ಮೊದಲು ಕನ್ನಡಕದವರು ಒಂದು ಕಪ್ಪು ತಟ್ಟಿದರು, ಹುಬ್ಬು ಅಲುಗಲಿಲ್ಲ. ನಾನು ಬೇಕಂತಲೇ ಮುಖ ಸಿಂಡರಿಸಿದೆ. ಅವರು ನನ್ನನ್ನು ನೋಡಿದರು, ಕಪ್ಪನ್ನು ನೋಡಿದರು, ಮುಷ್ಟಿ ಹಿಡಿದರು. ಹತ್ತು ಕಪ್ಪು ಬಿಟ್ಟು ಮತ್ತೆ ಸಿಂಡರಿಸಿದೆ. ಮತ್ತೆ ಮುಷ್ಟಿ. ಆರು ಸಲ ಮಾಡಿದೆ, ಆರು ಸಲವೂ ಅದೇ.

ಆಮೇಲೆ ವಾಪಸ್ ಬಂದ ಪೆಟ್ಟಿಗೆಯಿಂದ ತೊಳೆದು ತಂದಿದ್ದ ಒಂದು ಕಪ್ಪನ್ನು ನಡುವೆ ಸೇರಿಸಿದೆ. ಅದರ ಬಿರುಕು ಖಚಿತ, ಆದರೆ ಅವರ ಕಣ್ಣಿಗೆ ಕಾಣುವಂಥದ್ದಲ್ಲ. ನಾನು ತಟ್ಟಿ ಅವರ ಕೈಗೆ ಕೊಟ್ಟು ಸುಮ್ಮನೆ ಕೂತೆ. ಅವರು ತಟ್ಟಿದರು. ಹುಬ್ಬು ಎಳ್ಳಷ್ಟಲ್ಲ, ಗೋಡಂಬಿಯಷ್ಟು ಎದ್ದಿತು. ಕಣ್ಣು ನನ್ನ ಮುಖಕ್ಕೆ ಬಂತು. ನಾನು ಕಲ್ಲಿನ ಹಾಗೆ ಕೂತಿದ್ದೆ. ಹುಬ್ಬು ನಿಧಾನಕ್ಕೆ ಇಳಿಯಿತು. ಅವರು ಅಂಗೈ ಬಿಚ್ಚಿದರು.

ಅಯ್ಯೋ ದೇವರೇ ಅಂತ ಒಳಗೇ ಕೂಗಿಕೊಂಡೆ. ಇವರಿಗೆ ಕೇಳಿಸುತ್ತದೆ. ಚೆನ್ನಾಗಿಯೇ ಕೇಳಿಸುತ್ತದೆ. ಕೇಳಿಸಿದ್ದನ್ನು ನನ್ನ ಮುಖ ನೋಡಿ ಅಳಿಸಿಕೊಳ್ಳುತ್ತಿದ್ದಾರೆ! ಹುಬ್ಬು ಏನು ಹೇಳುತ್ತದೆ ಅಂತ ನಾನು ಕಾಯುತ್ತಿದ್ದೆ. ಆ ಕಾಯುವ ಮುಖವನ್ನು ಅವರು ‘ಏನೂ ತೊಂದರೆಯಿಲ್ಲ’ ಅಂತ ಓದುತ್ತಿದ್ದರು. ಅವರ ಹುಬ್ಬು ಬೇಗ ಎದ್ದ ದಿನ ನಾನು ಗೆಲ್ಲುತ್ತಿದ್ದೆ, ಅವರ ಕಣ್ಣು ಮೊದಲು ನನ್ನ ಕಡೆ ತಿರುಗಿದ ದಿನ ಒಡಕು ಕಪ್ಪು ಗೆಲ್ಲುತ್ತಿತ್ತು.

ಊಟದ ಹೊತ್ತಿನಲ್ಲಿ ಅಂಗಳದ ಬೆಂಚಿನ ಮೇಲೆ ಕೇಳಿಯೇಬಿಟ್ಟೆ. “ಆ ಕೊನೇ ಟ್ರೇನಲ್ಲಿದ್ದ ಮೂರನೇ ಕಪ್ಪು ಒಡಕು ಅಂತ ನಿಮಗೆ ಗೊತ್ತಾಯ್ತಲ್ವಾ?”

ಅವರು ತುತ್ತು ನುಂಗಿ, “ಅನ್ನಿಸ್ತು ನೋಡಿ. ಆಮೇಲೆ ನಿಮ್ಮನ್ನ ನೋಡಿದೆ. ನಿಮಗೇ ಕೇಳ್ಸದ್ದು ನನಗೆ ಕೇಳ್ಸತ್ತೆ ಅಂದ್ರೆ ನಗ್ತಾರೆ” ಅಂದರು.

“ಅದಕ್ಕೇ ಸುಮ್ನಿದ್ರಾ? ನಿಮ್ಮನ್ನ ಕೆಲಸದಿಂದ ತೆಗೀತಾರಂತಲ್ರೀ!”

“ಹೇಳಿದ್ರು. ನಂದೇ ತಪ್ಪಿರ್ಬೇಕು ಬಿಡಿ. ಇಷ್ಟು ಜನ ಹೇಳ್ತಾರೆ ಅಂದ್ಮೇಲೆ...” ಅವರು ಡಬ್ಬಿ ಮುಚ್ಚಿದರು. “ಅಂಗಡಿ ಮುಚ್ಚಿದಾಗ ತುಂಬಾ ದಿನ ಅಲೆದಿದ್ದೆ. ಈ ವಯಸ್ಸಿಗೆ ಮತ್ತೆ ಅಲೀಬೇಕು, ಅದೇ ಯೋಚ್ನೆ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ. ಈಯಿತು ಅಂತ ಹತ್ತು ಜನ ಹೇಳಿದ ಮೇಲೆ ತಾನೇ ಈದೆನೇನೋ ಅಂತ ನಂಬುವ ಎತ್ತನ್ನು ನೋಡಿದ್ದು ಅವತ್ತೇ. ಅವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ನೂರು ಪಾಲು ನನ್ನ ಮೇಲೆ ಬಂತು. ಒಬ್ಬರ ಕೈ ಸುಟ್ಟಿದೆ, ಇನ್ನೊಬ್ಬರ ಅನ್ನ ಹೋಗುತ್ತಿದೆ, ನಾನು ಹೆಸರು ಕಾಪಾಡಿಕೊಂಡು ಕೂತಿದ್ದೇನೆ.

ನೇರ ಸೂಪರ್‌ವೈಸರ್ ಕೋಣೆಗೆ ಹೋದೆ. “ಸಾರ್, ತಪ್ಪು ಅವರದ್ದಲ್ಲ, ನಂದು. ನನಗೆ ಕೇಳ್ಸಲ್ಲ. ಎರಡು ವರ್ಷದ ಮೇಲಾಯ್ತು. ಅವರ ಮುಖ ನೋಡ್ಕೊಂಡೇ ಕೆಲಸ ಮಾಡ್ತಿದ್ದೆ.”

ಅವರ ಮುಖ ಅರಳಿತು. “ಅಕ್ಕಾ, ಪ್ರೀತಿ ಕುರುಡು ಅಂತ ಕೇಳಿದ್ದೆ. ಕಿವುಡೂ ಅಂತ ಇವತ್ತೇ ಗೊತ್ತಾಗಿದ್ದು!”

“ಸಾರ್, ನಾನು ನಿಜ ಹೇಳ್ತಿದ್ದೀನಿ.”

“ಅವರನ್ನ ಉಳಿಸ್ಕೊಳ್ಳೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ, ಅಷ್ಟೂ ಗೊತ್ತಾಗಲ್ವಾ ನಮಗೆ? ಒಳ್ಳೇ ಮನಸ್ಸು ನಿಮ್ದು. ಆದ್ರೆ ಕಪ್ಪಿಗೆ ಮನಸ್ಸು ಬೇಡ, ಕಿವಿ ಬೇಕು.”

ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಯಾವ ಗಾಳಿಮಾತಿನ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದೆನೋ, ಆ ಗಾಳಿಮಾತೇ ಈಗ ನನ್ನ ನಿಜವನ್ನು ಹೊರಗೆ ಬಿಡುತ್ತಿಲ್ಲ. ನಾನು ಏನು ಹೇಳಿದರೂ ಅದು ಪ್ರೀತಿಯ ಲಕ್ಷಣ. ಕಿರುಚಿದರೆ ಇನ್ನೂ ಹೆಚ್ಚು ಪ್ರೀತಿ. ಕೊನೆಗೆ, “ಮಾತು ಬೇಡ ಸಾರ್. ಅವರಿಗೊಂದು ಪರೀಕ್ಷೆ ಇಡಿ. ನನಗೂ ಇಡಿ. ಆಮೇಲೆ ಯಾರನ್ನ ಬೇಕಾದ್ರೂ ತೆಗೀರಿ” ಅಂದೆ. ಕಿವಿಯಕ್ಕನ ಮಾತು ತೆಗೆದುಹಾಕಲು ಅವರಿಗೂ ಮನಸ್ಸು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಪ್ಪತ್ತು ಕಪ್ಪು ಇಟ್ಟರು. ಏಳು ಒಡಕು, ಹದಿಮೂರು ಒಳ್ಳೆಯವು, ಯಾವುದು ಯಾವುದು ಅಂತ ಸೂಪರ್‌ವೈಸರ್ ಕೈಯ ಚೀಟಿಗೆ ಮಾತ್ರ ಗೊತ್ತು. ಕಿಟಕಿಯಾಚೆ ಹಿಡಿ ಅಂಟಿಸುವ ವಿಭಾಗವೇ ಬಂದು ನಿಂತಿತ್ತು. ಮೊದಲು ಕನ್ನಡಕದವರ ಸರದಿ. ತಟ್ಟುವುದೂ ಅವರೇ, ಕೈ ತೋರಿಸುವುದೂ ಅವರೇ. ನಾನು ಎಂದಿನ ಕುರ್ಚಿಯಲ್ಲಿ ಕೂತಿದ್ದೆ, ಯಾರೂ ಏಳು ಅಂದಿರಲಿಲ್ಲ.

ಮೊದಲ ಕಪ್ಪು ಅಂಗೈ. ಎರಡನೆಯದೂ ಅಂಗೈ. ಮೂರನೆಯದನ್ನು ತಟ್ಟಿದರು, ಹುಬ್ಬು ಎದ್ದಿತು. ಸರಿ, ಹಿಡಿಯಪ್ಪಾ ಮುಷ್ಟಿ ಅಂತ ನಾನು ಮನಸ್ಸಿನಲ್ಲೇ ಅಂದೆ. ಅವರು ಮುಷ್ಟಿ ಹಿಡಿಯಲಿಲ್ಲ, ನನ್ನ ಮುಖ ನೋಡಿದರು. ನಾನು ಯಾವ ಭಾವವೂ ಇಲ್ಲದ ಹಾಗೆ ಇರಲು ನೋಡಿದೆ. ಅದೇ ಅಲ್ಲವೇ ಮೂರು ವರ್ಷದಿಂದ ಕೆಲಸ ಕೆಡಿಸಿದ ಮುಖ! ಹುಬ್ಬು ಇಳಿಯತೊಡಗಿತು. ಬೆರಳುಗಳು ಬಿಚ್ಚಿಕೊಳ್ಳತೊಡಗಿದವು.

ನಾನು ಎದ್ದೆ. ಕುರ್ಚಿ ತಿರುಗಿಸಿ, ಅವರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತೆ.

“ಅಕ್ಕಾ, ಇದೇನಿದು?”

“ನನ್ನ ಮುಖ ಅಲ್ಲಿರೋ ತನಕ ಅವರ ಕಿವಿ ಕೆಲಸ ಮಾಡಲ್ಲ ಸಾರ್. ಮೊದಲಿನಿಂದ ಮಾಡ್ಸಿ.” ಬೆನ್ನ ಹಿಂದಿದ್ದವರಿಗೂ ಒಂದು ಮಾತು ಹೇಳಿದೆ. “ರೀ, ರೇಡಿಯೋ ಬಿಚ್ಚುವಾಗ ಯಾರ ಮುಖ ನೋಡ್ತಿದ್ರಿ?”

ಕಡ್ಡಿಯ ಸದ್ದು ಮತ್ತೆ ಶುರುವಾಯಿತು. ಟಕ್. ಟಕ್. ಟಕ್. ನನಗೆ ಎಲ್ಲವೂ ಒಂದೇ. ಅಂಗೈಗೂ ಸದ್ದಿಲ್ಲ, ಮುಷ್ಟಿಗೂ ಸದ್ದಿಲ್ಲ. ಕಣ್ಣೆದುರು ಗೋಡೆಯ ಬೂದು ಬಟ್ಟೆ, ಅದರಲ್ಲಿ ಓದಲು ಏನೂ ಇಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ನಾನು ಎಷ್ಟು ಕಿವುಡಿಯೋ ಅಷ್ಟೇ ಕಿವುಡಿಯಾಗಿ ಕೂತಿದ್ದೆ. ಅವರು ಸೋತರೆ ಅವರ ಕೆಲಸ ಹೋಯಿತು, ಗೆದ್ದರೆ ನನ್ನದು ಹೋಯಿತು. ಅಷ್ಟಾದರೂ ಗೆಲ್ಲಲಿ ಗೆಲ್ಲಲಿ ಅಂತ ಒಳಗೇ ಜಪ ಮಾಡುತ್ತಿದ್ದೆ. ಇದನ್ನು ಯಾಕೆ ಮಾಡುತ್ತಿದ್ದೇನೆ ಅಂತ ನನಗೇ ಕುತೂಹಲವಾಯಿತು. ಬರೀ ನ್ಯಾಯಕ್ಕಾಗಿ ಅಂತೂ ಅಲ್ಲ. ಅಂಥ ಧರ್ಮಾತ್ಮಳಾಗಿದ್ದರೆ ಎರಡು ವರ್ಷದ ಹಿಂದೆಯೇ ಬಾಯಿ ಬಿಡುತ್ತಿದ್ದೆ.

ಇಪ್ಪತ್ತು ಎಣಿಸಿದೆ. ಸದ್ದು ನಿಂತಿತು. ಸೂಪರ್‌ವೈಸರ್ ನನ್ನ ಎದುರಿಗೆ ಬಂದು ನಿಂತರು, ಮುಖದಲ್ಲಿ ನಗು ಇರಲಿಲ್ಲ.

“ಇಪ್ಪತ್ತಕ್ಕೆ ಇಪ್ಪತ್ತು” ಅಂದರು.

ಆಮೇಲೆ ನನ್ನ ಸರದಿ. ಕನ್ನಡಕದವರು ತಾವಾಗಿಯೇ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಸೂಪರ್‌ವೈಸರ್ ಕಪ್ಪುಗಳನ್ನು ಅದಲುಬದಲು ಮಾಡಿ ಇಟ್ಟರು. ನನ್ನದು ಇಪ್ಪತ್ತಕ್ಕೆ ಹನ್ನೊಂದು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು. ಕಿಟಕಿಯಾಚೆಯ ಮುಖಗಳು ಒಂದೊಂದಾಗಿ ಸರಿದುಹೋದವು. ಸೂಪರ್‌ವೈಸರ್ ಚೀಟಿ ಮಡಿಸಿ, “ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?” ಅಂದರು. “ಹೇಳಿದ್ನಲ್ಲ ಸಾರ್” ಅಂದೆ. ಅವರು ತಲೆ ತಗ್ಗಿಸಿದರು. ಆಮೇಲೆ ಹೊಳೆಯಿತು, ಅವರು ಕೇಳಿದ್ದು ಎರಡು ವರ್ಷದ ಹಿಂದಿನ ಮಾತು.

ನನ್ನನ್ನು ಹಿಡಿ ಅಂಟಿಸುವ ವಿಭಾಗಕ್ಕೆ ಹಾಕಿದರು. ಹದಿನಾರು ವರ್ಷದ ಹಿರಿತನ ಹೋಗಿ ಸಾಲಿನ ಕೊನೆಯ ಸ್ಟೂಲು ಬಂತು. ಅಕ್ಕ ಮನೆಯಲ್ಲಿ ಒಂದು ದಿನ ಅತ್ತಳು, ಮಾರನೆಯ ದಿನ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಕಪ್ಪು ತಟ್ಟುವ ಮೇಜಿನ ನಡುವೆ ಈಗ ಒಂದು ಹಲಗೆ ನಿಲ್ಲಿಸಿದ್ದಾರೆ. ಇಬ್ಬರಿಗೂ ಪರಸ್ಪರ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದಿತ್ತು. ಅದು ಗೊತ್ತಾದದ್ದು ಸೋಮವಾರ ಊಟದ ಹೊತ್ತಿಗೆ. ಉಳಿದವರೆಲ್ಲ ಅಂಗಳಕ್ಕೆ ಹೋಗಿದ್ದರು, ನಾನು ಮಣ್ಣಿನ ಕೈ ತೊಳೆದು ಬಂದು ಕೂತಿದ್ದೆ. ಕನ್ನಡಕದವರು ಬಂದು ಎದುರಿಗೆ ನಿಂತರು. ಥ್ಯಾಂಕ್ಸ್ ಹೇಳಲು ಬಂದಿದ್ದಾರೆ ಅಂದುಕೊಂಡೆ.

“ಮೂರು ವರ್ಷ ನನ್ನ ಮುಖ ನೋಡಿದ್ದು ಕಪ್ಪಿಗೋಸ್ಕರನಾ?” ಅಂದರು.

ಊರೆಲ್ಲ ಹೇಳಿದ್ದನ್ನು ಇವರೂ ನಂಬಿದ್ದರು. ನಂಬಿ ಸುಖವಾಗಿದ್ದರು. ಅವರ ಕೆಲಸ ಉಳಿಸಲು ಹೋಗಿ ನಾನು ಆ ನಂಬಿಕೆಯನ್ನೇ ಎಲ್ಲರೆದುರು ಒಡೆದುಹಾಕಿದ್ದೆ.

“ಹೂಂ” ಅಂದೆ. ಇನ್ನು ಸುಳ್ಳು ಸಾಕಾಗಿತ್ತು. “ಮೊದಲ ವರ್ಷ ಪೂರ್ತಿ ಕಪ್ಪಿಗೇ.”

“ಆಮೇಲೆ?”

“ಆಮೇಲಿಂದು ಗೊತ್ತಿಲ್ಲ ರೀ. ದಿನಾ ನೋಡಲೇಬೇಕಾಗಿತ್ತಲ್ಲ, ಬೇರೆ ಮಾಡಿ ನೋಡೋಕೆ ಆಗ್ಲೇ ಇಲ್ಲ. ನೀವು?”

“ನಾನೂ ಕಪ್ಪಿಗೇ” ಅಂದರು. ಆಮೇಲೆ ತಾವೇ ತಿದ್ದಿಕೊಂಡು, “ಸುಮಾರು ಕಪ್ಪಿಗೇ” ಅಂದರು. ಇಬ್ಬರಿಗೂ ನಗು ಬಂತು. ಮೂರು ವರ್ಷದಲ್ಲಿ ಅವರು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಒಳ್ಳೇ ದಪ್ಪ ನಗು, ಪೂರ್ತಿ ಕೇಳಿಸಿತು.

ಅವರು ಪಕ್ಕದ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. “ಈಗ ನಡುವೆ ಕಪ್ಪಿಲ್ಲ” ಅಂದರು.

ನಾನು ನೋಡಿದೆ. ಹುಬ್ಬು ಏಳಲಿಲ್ಲ, ಇಳಿಯಲಿಲ್ಲ, ಅದರಿಂದ ನನಗೆ ಏನೂ ತಿಳಿಯಬೇಕಾಗಿರಲಿಲ್ಲ. ಆದರೂ ಕಣ್ಣು ಕೀಳಲು ಮನಸ್ಸು ಬರಲಿಲ್ಲ. ಹೊರಗೆ ಹೋದವರು ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರತೊಡಗಿದರು. ಬಿಡುವು ಮುಗಿದ ಗಂಟೆ ಹೊಡೆದಿರಬೇಕು, ನನಗೆ ಕೇಳಿಸಿರಲಿಲ್ಲ. ಅವರಿಗೆ ಖಂಡಿತ ಕೇಳಿಸಿತ್ತು. ಆದರೂ ಅವರು ಏಳಲಿಲ್ಲ.